ಸಾರಿ ಕೇಳಿದರೂ ಮಗ ಒಪ್ಪುವುದಿಲ್ಲ, ಕ್ಷಮಿಸುವುದನ್ನು ಹೇಗೆ ಕಲಿಸಲಿ?

ತಂಗಿ ಸಾರಿ ಕೇಳಿದರೂ ನಿಮ್ಮ 6 ವರ್ಷದ ಮಗ ಮುಖ ತಿರುಗಿಸಿಕೊಂಡು ಹೋಗುತ್ತಾನೆ, ದಿನಗಟ್ಟಲೆ ಟೂ ಬಿಟ್ಟಿರುತ್ತಾನೆ ಅಂತ ಬರೆದಿದ್ದೀರಿ. ನನ್ನ ಮಗಳೂ ಹೀಗೇ ಇದ್ದಳು. ಆದರೆ ತಪ್ಪು ನನ್ನ ಕಡೆಯೇ ಜಾಸ್ತಿ ಇತ್ತು.

ಜಗಳ ಆದ ಕೂಡಲೇ ಅವಳನ್ನೂ ತಮ್ಮನನ್ನೂ ಎದುರುಬದುರು ನಿಲ್ಲಿಸಿ, "ನೀನು ಸಾರಿ ಹೇಳು, ನೀನು ಪರವಾಗಿಲ್ಲ ಅನ್ನು" ಅಂತ ಗದರುತ್ತಿದ್ದೆ. ಅರ್ಧ ನಿಮಿಷದಲ್ಲಿ ಕೇಸು ಖುಲಾಸೆ! ಅವನು ನೆಲ ನೋಡಿಕೊಂಡು ಸಾರಿ ಅನ್ನುತ್ತಿದ್ದ. ಇವಳು ಹಲ್ಲು ಕಚ್ಚಿಕೊಂಡು ಪರವಾಗಿಲ್ಲ ಅನ್ನುತ್ತಿದ್ದಳು. ಇಬ್ಬರಿಗೂ ನಾನು ಕಲಿಸಿದ್ದು ಸುಳ್ಳು ಹೇಳುವುದನ್ನು, ಅಲ್ವಾ?

ಒಂದು ದಿನ ಮನೆ ಕ್ಲೀನ್ ಮಾಡುವಾಗ ಅವಳ ಡಬ್ಬಿಯೊಂದನ್ನು ಎಸೆದುಬಿಟ್ಟೆ. ಒಳಗಿದ್ದದ್ದು ಹಳೇ ಗುಂಡಿ, ಬಾಟಲಿ ಮುಚ್ಚಳ, ಬೆರಳುದ್ದದ ಪೆನ್ಸಿಲ್ ತುಂಡು. ನನ್ನ ಕಣ್ಣಿಗೆ ಕಸ. ಸಂಜೆ ಅವಳು ಖಾಲಿ ಜಾಗ ನೋಡುತ್ತಾ ನಿಂತಳು. ಅಳಲೂ ಇಲ್ಲ. ನೆಲದ ಮೇಲೆ ಕೂತು, "ನಿನ್ನ ಕೇಳದೆ ಎಸೆದೆ, ನನ್ನದೇ ತಪ್ಪು" ಅಂದೆ. "ಹೋಗ್ಲಿ ಬಿಡು, ಹೊಸದು ಕೊಡಿಸ್ತೀನಿ" ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

"ನಂಗಿನ್ನೂ ಕೋಪ ಇದೆ."

"ಇರಲಿ."

ಎರಡು ದಿನ ಮಾತಿಲ್ಲ. ಸುಮ್ನೆ ಕಾಯುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. ಮೂರನೇ ದಿನ ಬೆಳಿಗ್ಗೆ ಬಾಚಣಿಗೆ ತಂದು ನನ್ನ ಕೈಗಿಟ್ಟು, ಬೆನ್ನು ತಿರುಗಿಸಿ ಕೂತಳು. ಜಡೆ ಹಾಕಿದೆ. ಅಷ್ಟೇ. ಅವತ್ತಿನಿಂದ ಮಕ್ಕಳ ಬಾಯಿಂದ "ಪರವಾಗಿಲ್ಲ" ಹೇಳಿಸುವುದನ್ನು ಬಿಟ್ಟೆ.

ವಯಸ್ಸಿನದ್ದೂ ಒಂದು ಮಾತಿದೆ. 1932ರಲ್ಲಿ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಬರೆದದ್ದು: ಒಬ್ಬ ಹುಡುಗ ಬಾಗಿಲು ತಳ್ಳಿದಾಗ ಹಿಂದಿದ್ದ 15 ಕಪ್ಪು ಒಡೆಯುತ್ತವೆ, ಅವು ಅಲ್ಲಿರುವುದು ಅವನಿಗೆ ಗೊತ್ತಿರಲಿಲ್ಲ. ಇನ್ನೊಬ್ಬ ಕದ್ದು ಜಾಮ್ ತೆಗೆಯಲು ಹೋಗಿ ಒಂದು ಕಪ್ಪು ಒಡೆಯುತ್ತಾನೆ. ಯಾರದು ಹೆಚ್ಚು ತಪ್ಪು ಅಂತ ಕೇಳಿದರೆ ಚಿಕ್ಕ ಮಕ್ಕಳಲ್ಲಿ ಅನೇಕರು 15 ಕಪ್ಪಿನವನನ್ನೇ ತೋರಿಸಿದರು. ಅವರು ನೋಡುವುದು ನಷ್ಟವನ್ನು, ಉದ್ದೇಶವನ್ನಲ್ಲ. ಬಿಡಿಸಿ ಹೇಳಿದರೆ ಇನ್ನೂ ಚಿಕ್ಕವರಿಗೂ ಅರ್ಥವಾಗುತ್ತದೆ ಅಂತ ಆಮೇಲಿನವರು ತೋರಿಸಿದ್ದಾರೆ. ಹಾಗಾಗಿ ಕೋಪ ಇಳಿದ ಮೇಲೆ ಕೇಳಿ: "ಅವಳು ಬೇಕಂತ ಮಾಡಿದ್ಲಾ, ಕೈ ತಪ್ಪಿ ಆಯ್ತಾ?" ಉತ್ತರ ನೀವು ಹೇಳಬೇಡಿ.

ಒಂದು ಎಚ್ಚರಿಕೆ. ಶಾಲೆಯಲ್ಲಿ ಯಾರೋ ದಿನಾ ಹೊಡೆಯುತ್ತಿದ್ದರೆ ಅಲ್ಲಿ ಕ್ಷಮೆಯ ಪಾಠ ಬೇಡವೇ ಬೇಡ. ಮೊದಲು ಹೋಗಿ ಅದನ್ನು ನಿಲ್ಲಿಸಿ. ಈ ವಿಷಯದಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಎನ್‌ರೈಟ್ ಕೂಡ ಕ್ಷಮಿಸುವುದೇ ಬೇರೆ, ಮತ್ತೆ ಒಂದಾಗುವುದೇ ಬೇರೆ ಅನ್ನುತ್ತಾರೆ. ಮಕ್ಕಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಮೊನ್ನೆ ತಮ್ಮ ಇವಳ ಡ್ರಾಯಿಂಗ್ ಪುಸ್ತಕದ ತುಂಬಾ ಗೀಚಿಟ್ಟಿದ್ದ. ಮಾರನೇ ದಿನ ಅವನೇ ಬಂದು ಪಕ್ಕದಲ್ಲಿ ನಿಂತ. "ಕೋಪ ಹೋಯ್ತು" ಅಂದಳು. "ಆದ್ರೆ ಸ್ಕೆಚ್ ಪೆನ್ ಕೊಡಲ್ಲ."

ನಾನು ಬಾಯಿ ಹಾಕಲಿಲ್ಲ.