ಮಾಯಾಮಾಳವಗೌಳಕ್ಕೆ ಗಿಟಾರಿನ ಕಾರ್ಡುಗಳು

ಪ್ರಿಯ ಓದುಗರೇ,

ಬಾಲ್ಯದಲ್ಲಿ ಸರಳೆ, ಜಂಟಿವರಸೆ, ಗೀತೆಗಳವರೆಗೆ ಪಾಠವಾಗಿ ಈಗ ಗಿಟಾರ್ ಕಲಿಯುತ್ತಿರುವ ತಾವು, ‘ಇ’ ಸ್ವರವನ್ನು ಷಡ್ಜವಾಗಿಟ್ಟು (‘ಸ’ ಎಂದುಕೊಂಡು) ಮಾಯಾಮಾಳವಗೌಳ ರಾಗವನ್ನು ಹಾಡುವಾಗ ಇ, ಎ, ಬಿ ಮೇಜರ್ ಕಾರ್ಡುಗಳನ್ನು, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳನ್ನು, ನುಡಿಸಿದರೆ ರಾಗ ಕೆಡುತ್ತದೆ ಎಂದು ಬರೆದಿದ್ದೀರಿ. ರಾಗಕ್ಕೂ ಕಾರ್ಡಿಗೂ ಹೊಂದಿಕೆಯೇ ಇಲ್ಲವೆಂದು ಬಲ್ಲವರೊಬ್ಬರು ಹೇಳಿದ್ದು ನಿಜವೇ ಎಂದೂ ಕೇಳಿದ್ದೀರಿ. ಆ ಮಾತನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ತಾವು ನುಡಿಸಿದ ಮೂರು ಕಾರ್ಡುಗಳು ಶಂಕರಾಭರಣ ರಾಗದವು. ಎ ಮೇಜರಿನಲ್ಲಿ ಚತುಶ್ರುತಿ ಧೈವತ (ಮೇಲ್ಮಟ್ಟದ ‘ದ’), ಬಿ ಮೇಜರಿನಲ್ಲಿ ಚತುಶ್ರುತಿ ರಿಷಭ (ಮೇಲ್ಮಟ್ಟದ ‘ರಿ’) ಸೇರಿಕೊಂಡಿವೆ. ಹದಿನೈದನೆಯ ಮೇಳಕರ್ತವಾದ (ಜನಕರಾಗವಾದ) ಮಾಯಾಮಾಳವಗೌಳದಲ್ಲಿ ಇವೆರಡಕ್ಕೂ ಸ್ಥಾನವಿಲ್ಲದಿರುವುದರಿಂದ, ಅನ್ಯಸ್ವರ ಹಿಡಿದು ಹಾಡಿದರೆ ಆಗುವ ಕೇಡೇ ಇಲ್ಲಿಯೂ ಆಗಿದೆ.

ಆದ್ದರಿಂದ ರಾಗದ ಸ್ವರಗಳಿಂದಲೇ ಕಾರ್ಡುಗಳನ್ನು ಕಟ್ಟಿ ನೋಡೋಣ. ತಮ್ಮ ಶ್ರುತಿಯಲ್ಲಿ ಸರಿಗಮಪದನಿ ಎಂದರೆ ಇ, ಎಫ್, ಜಿ ಶಾರ್ಪ್, ಎ, ಬಿ, ಸಿ, ಡಿ ಶಾರ್ಪ್. ಒಂದು ಸ್ವರ ಬಿಟ್ಟು ಒಂದನ್ನು ಸೇರಿಸುತ್ತ ಹೋದರೆ ಸ-ಗ-ಪ ಇ ಮೇಜರ್ ಆಗುತ್ತದೆ. ರಿ-ಮ-ದ ಎಫ್ ಮೇಜರ್, ಗ-ಪ-ನಿ ಜಿ ಶಾರ್ಪ್ ಮೈನರ್, ಮ-ದ-ಸ ಎ ಮೈನರ್. ದ-ಸ-ಗ ಸಿ ಆಗ್ಮೆಂಟೆಡ್ ಆಗುತ್ತದೆ. ಅದರ ಮೂರೂ ಸ್ವರಗಳು ಸಮದೂರದಲ್ಲಿರುವುದರಿಂದ ಆಧಾರಸ್ವರ ಯಾವುದೆಂದು ಕಿವಿಗೆ ಗೊತ್ತಾಗುವುದಿಲ್ಲ. ಗಿಟಾರ್ ಕಲಿತ ಮೊದಲ ತಿಂಗಳುಗಳಲ್ಲೇ ಬೆರಳಿಗೆ ಬರುವ ಇ ಮೇಜರ್, ಎಫ್ ಮೇಜರ್, ಎ ಮೈನರ್ ಮೂರೂ ಈ ರಾಗದೊಳಗೇ ಇವೆಯೆಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ತೊಡಕಿರುವುದು ಪಂಚಮದಲ್ಲಿ. ಪಾಶ್ಚಾತ್ಯ ಪದ್ಧತಿಯಲ್ಲಿ ಪಂಚಮದ ಮೇಲಿನ ಮೇಜರ್ ಕಾರ್ಡು ಷಡ್ಜದ ಕಾರ್ಡಿಗೆ ದಾರಿ ಮಾಡಿಕೊಡುತ್ತದೆ. ತಾವು ಬಿ ಮೇಜರನ್ನು ಹುಡುಕಿಕೊಂಡು ಹೋದದ್ದೂ ಅದೇ ಅಭ್ಯಾಸದಿಂದ. ಇಲ್ಲಿ ಪ-ನಿ-ರಿ ಕೂಡಿದರೆ ಬಿ ಮೇಜರಿನ ಎಫ್ ಶಾರ್ಪ್ ಎಫ್‌ಗೆ ತಗ್ಗಿದ ಒಂದು ವಿಚಿತ್ರ ಕಾರ್ಡು ಬರುತ್ತದೆ. ಆದರೆ ಈ ರಾಗದಲ್ಲಿ ಷಡ್ಜದ ಕಡೆಗಿನ ಸೆಳೆತಕ್ಕೆ ಪಂಚಮವನ್ನು ನಂಬಬೇಕಾಗಿಯೇ ಇಲ್ಲ, ಏಕೆಂದರೆ ಮೇಲಿನಿಂದ ಶುದ್ಧ ರಿಷಭವೂ (ಎಫ್) ಕೆಳಗಿನಿಂದ ಕಾಕಲಿ ನಿಷಾದವೂ (ಡಿ ಶಾರ್ಪ್) ಒಂದೊಂದೇ ಫ್ರೆಟ್ಟಿನ (ಗಿಟಾರಿನ ಕತ್ತಿನ ಒಂದು ಮನೆಯ) ಅಂತರದಲ್ಲಿ ಷಡ್ಜವನ್ನು ಕಾಯ್ದುಕೊಂಡಿವೆ. ಈ ಎರಡನ್ನೂ ಒಳಗೊಂಡ ಯಾವ ಕಾರ್ಡಾದರೂ ಇ ಮೇಜರಿಗೆ ತಾನಾಗಿ ಇಳಿಯುತ್ತದೆ. ರಿ-ಮ-ದ-ನಿ ಸೇರಿಸಿ ನೋಡಿ: ತಮಗೆ ಈಗಾಗಲೇ ಪರಿಚಿತವಾದ ಎಫ್ ಸೆವೆಂತ್ ಸಿಗುತ್ತದೆ. ಷಡ್ಜದ ಎರಡು ಬದಿಗಳಿಂದ ಹೀಗೆ ಒತ್ತಿಬರುವ ಕಾರ್ಡನ್ನು ಯುರೋಪಿನ ಶಾಸ್ತ್ರೀಯ ಸಂಗೀತಗಾರರು ‘ಜರ್ಮನ್ ಸಿಕ್ಸ್ತ್’ ಎಂಬ ಹೆಸರಿನಿಂದ ಬಲ್ಲರು. ಪಂಚಮದ ಕಾರ್ಡೇ, ಅಂದರೆ ಪ-ನಿ-ರಿ-ಮ, ಬೇಕೆಂದರೆ ಐದನೆಯ ತಂತಿಯನ್ನು ಎರಡನೆಯ ಫ್ರೆಟ್ಟಿನಲ್ಲಿ, ನಾಲ್ಕನೆಯದನ್ನು ಮೂರರಲ್ಲಿ, ಮೂರನೆಯದನ್ನು ಎರಡರಲ್ಲಿ, ಎರಡನೆಯದನ್ನು ನಾಲ್ಕರಲ್ಲಿ ಒತ್ತಿ, ಅಂಚಿನ ಎರಡು ತಂತಿಗಳನ್ನು ಮುಟ್ಟದೆ ಮೀಟಿ, ಅನಂತರ ಇ ಮೇಜರಿಗೆ ಬನ್ನಿ. ಬಿ ಮೇಜರ್ ಇಲ್ಲದ ಕೊರತೆ ಅಲ್ಲಿಗೆ ನೀಗುತ್ತದೆ.

ಇನ್ನೊಂದು ಉಪಾಯ ಸ್ಪೇನಿನ ಫ್ಲಮೆಂಕೊ ಎಂಬ ಜನಪದ ಸಂಗೀತದ ವಾದಕರಿಂದ ಕಲಿಯಬೇಕಾದದ್ದು. ಇ ಮೇಜರ್ ಹಿಡಿದ ಬೆರಳುಗಳನ್ನು ಹಾಗೆಯೇ ಒಂದು ಫ್ರೆಟ್ ಮೇಲಕ್ಕೆ ಸರಿಸಿ, ಬಿಟ್ಟ ತಂತಿಗಳನ್ನು ಬಿಟ್ಟಂತೆಯೇ ಮೀಟಿದರೆ, ಎಫ್ ಮೇಜರಿನ ಜೊತೆಗೆ ‘ಇ’ ಮತ್ತು ‘ಬಿ’, ಅಂದರೆ ಸ-ಪ, ತಂಬೂರಿಯಂತೆ ಉಳಿದುಕೊಳ್ಳುತ್ತವೆ. ಅನ್ಯಸ್ವರ ಒಂದೂ ಇಲ್ಲ. ಆದರೆ ಫ್ಲಮೆಂಕೊದಲ್ಲಿ ಎ ಮೈನರ್, ಜಿ, ಎಫ್, ಇ ಎಂದು ಇಳಿಯುವ ಪ್ರಸಿದ್ಧ ಕ್ರಮವನ್ನು ಇಡಿಯಾಗಿ ತರಬೇಡಿ. ಜಿ ಮೇಜರಿನಲ್ಲಿರುವ ಸಾಧಾರಣ ಗಾಂಧಾರ (ಜಿ) ಮತ್ತು ಕೈಶಿಕಿ ನಿಷಾದಗಳು (ಡಿ) ಈ ರಾಗದವಲ್ಲ.

ರಾಗಕ್ಕೂ ಕಾರ್ಡಿಗೂ ಹೊಂದಿಕೆಯಿಲ್ಲವೆಂದವರ ಮಾತಿನಲ್ಲಿಯೂ ಸತ್ಯಾಂಶವಿದೆ. ರಾಗವೆಂದರೆ ಸ್ವರಗಳ ಪಟ್ಟಿಯಷ್ಟೇ ಅಲ್ಲ, ಗಮಕವೂ (ಸ್ವರವನ್ನು ಅಲುಗಿಸುವ ಬಗೆ) ಸಂಚಾರವೂ (ಸ್ವರಗಳ ನಡೆ) ಸೇರಿ ರಾಗ. ಗಾಯಕರು ರಿಷಭವನ್ನು ಅಲುಗಿಸುತ್ತಿರುವಾಗ ಫ್ರೆಟ್ಟಿನಲ್ಲಿ ನಿಂತ ರಿಷಭ ಅದರೊಡನೆ ಸೆಣಸುತ್ತದೆ. ಅಂತರ ಗಾಂಧಾರದ ವಿಷಯ ಇನ್ನೂ ಸೂಕ್ಷ್ಮವಾದದ್ದು: ತಂಬೂರಿಗೆ ಹೊಂದಿ ನಿಲ್ಲುವ, 5:4 ಅನುಪಾತದ ಗಾಂಧಾರ ಷಡ್ಜಕ್ಕಿಂತ ಸುಮಾರು 386 ಸೆಂಟ್ (ಒಂದು ಫ್ರೆಟ್ಟಿನ ಅಂತರಕ್ಕೆ ನೂರು ಸೆಂಟ್) ಮೇಲಿದ್ದರೆ, ಗಿಟಾರಿನ ಫ್ರೆಟ್ ಅದನ್ನು 400ರಲ್ಲಿ ಕೂರಿಸುತ್ತದೆ. ಹಾಡಿನಲ್ಲಿ ಗಾಂಧಾರ ದೀರ್ಘವಾಗಿ ನಿಂತಾಗ ಕಾರ್ಡಿನಲ್ಲಿ ಅದನ್ನು ಬಿಟ್ಟು ಸ-ಪ ಮಾತ್ರ ಮೀಟುವುದು ಲೇಸು. ಕಂಠದ ಗಾಂಧಾರಕ್ಕೆ ಆಗ ತನ್ನ ನೆಲೆ ದೊರೆಯುತ್ತದೆ. ಆಲಾಪನೆಗೆ ಕಾರ್ಡುಗಳನ್ನು ನಾನಂತೂ ಬಯಸುವುದಿಲ್ಲ.

ಕೊನೆಯಲ್ಲಿ ತಾವು ಪಾಠದ ಆರಂಭದಲ್ಲಿ ಕಲಿಸುವ ಪಿಳ್ಳಾರಿ ಗೀತೆಗಳ ಬಗ್ಗೆ ಕೇಳಿದ್ದೀರಿ. ಪುರಂದರದಾಸರ ಈ ಗೀತೆಗಳ ರಾಗವಾದ ಮಲಹರಿ ಮಾಯಾಮಾಳವಗೌಳದ ಜನ್ಯವೇ (ಅದರಿಂದ ಹುಟ್ಟಿದ್ದೇ) ಆದರೂ ಅದರಲ್ಲಿ ನಿಷಾದವಿಲ್ಲ, ಗಾಂಧಾರ ಅವರೋಹಣದಲ್ಲಿ (ಇಳಿಯುವಾಗ) ಮಾತ್ರ ಬರುತ್ತದೆ. ಹೀಗಾಗಿ ಮೇಲೆ ಹೊಗಳಿದ ಎಫ್ ಸೆವೆಂತ್ ಕಾರ್ಡನ್ನೂ, ಜಿ ಶಾರ್ಪ್ ಮೈನರನ್ನೂ, ಪಂಚಮದ ಕಾರ್ಡನ್ನೂ ಅಲ್ಲಿ ಕೈಬಿಡಬೇಕಾಗುತ್ತದೆ. ಆರೋಹಣದ ಪಂಕ್ತಿಗಳಿಗೆ ಸ-ಪ ಮಾತ್ರ ಇರಲಿ, ರಿಷಭ ಧೈವತಗಳು ಬಂದಾಗ ಎಫ್ ಮೇಜರ್ ಅಥವಾ ಎ ಮೈನರ್ ನುಡಿಸಿ, ಪಂಕ್ತಿ ಗಾಂಧಾರವನ್ನು ಮುಟ್ಟಿ ಷಡ್ಜಕ್ಕೆ ಇಳಿದಾಗ ಮಾತ್ರ ಪೂರ್ಣ ಇ ಮೇಜರನ್ನು ಮೀಟಿ.

— ಸಂಪಾದಕ