ಕಂಪೈಲರ್ ಬದಲಾದರೆ ಹಳೆಯ ಚಿಪ್‌ಗೇಕೆ ಕುತ್ತು?

ಪ್ರಶ್ನೆ: ನನ್ನಲ್ಲಿರುವ ಹಳೆಯ ಅಲ್ಟ್ರಾಸ್ಪಾರ್ಕ್ ವರ್ಕ್‌ಸ್ಟೇಷನ್ ಇಂದಿಗೂ ಒಂದು ದಿನ ಕೈಕೊಟ್ಟಿಲ್ಲ. ಆದರೆ ಅದರಲ್ಲಿ ನಡೆಯುತ್ತಿದ್ದ ಆಪರೇಟಿಂಗ್ ಸಿಸ್ಟಮ್‌ನವರು, ಹಳೆಯ ಕಂಪೈಲರನ್ನು ತೆಗೆದುಹಾಕುತ್ತಿರುವ ಕಾರಣ ಈ ಪ್ರೊಸೆಸರ್‌ಗೆ ಬೆಂಬಲ ನಿಲ್ಲಿಸಿರುವುದಾಗಿ ಪ್ರಕಟಿಸಿದ್ದಾರೆ. ಚಿಪ್ ಬದಲಾಗಿಲ್ಲ, ನಿನ್ನೆಯವರೆಗೆ ನಡೆದ ಕೋಡ್ ಅಲ್ಲೇ ಇದೆ. ಕಂಪೈಲರ್‌ಗೂ ಇದಕ್ಕೂ ಏನು ಸಂಬಂಧ?

ಉತ್ತರ: ಚಿಪ್ ಬದಲಾಗಿಲ್ಲ ಎಂಬುದು ಸರಿ, ಕೋಡ್ ಅಲ್ಲೇ ಇದೆ ಎಂಬುದು ಸರಿಯಲ್ಲ. ಆಪರೇಟಿಂಗ್ ಸಿಸ್ಟಮ್‌ನ ಬಹುಪಾಲು ಕೋಡ್ ಎಲ್ಲ ಪ್ರೊಸೆಸರ್‌ಗಳಿಗೂ ಸಮಾನವಾದ ಸಿ ಭಾಷೆಯಲ್ಲಿದ್ದು, ದಿನವೂ ತಿದ್ದುಪಡಿಗೆ ಒಳಗಾಗುತ್ತಲೇ ಇರುತ್ತದೆ. ಅದನ್ನು ನಿಮ್ಮ ಚಿಪ್‌ಗೆ ಅರ್ಥವಾಗುವ ಯಂತ್ರಭಾಷೆಗೆ ಇಳಿಸುವುದು ಕಂಪೈಲರ್‌ನ ಬ್ಯಾಕೆಂಡ್ ಎಂಬ ಭಾಗ. ಒಂದೊಂದು ಬಗೆಯ ಪ್ರೊಸೆಸರ್‌ಗೂ ಒಂದೊಂದು ಬ್ಯಾಕೆಂಡ್ ಬೇಕು. ಕಂಪೈಲರ್ ಹಳೆಯದಾಗಿಯೇ ಉಳಿದರೆ, ಆ ಸಮಾನ ಕೋಡ್ ಬರೆಯುವವರೆಲ್ಲರೂ ಅದಕ್ಕೆ ತಿಳಿಯುವಷ್ಟು ಸಿ ಭಾಷೆಯನ್ನೇ ಬಳಸಬೇಕಾಗುತ್ತದೆ.

ನೀವು ಯಾವ ವ್ಯವಸ್ಥೆಯೆಂದು ಬರೆದಿಲ್ಲವಾದರೂ, ಫ್ರೀಬಿಎಸ್‌ಡಿ ಎಂಬ ಯುನಿಕ್ಸ್ ಮಾದರಿಯ ಆಪರೇಟಿಂಗ್ ಸಿಸ್ಟಮ್‌ನಲ್ಲಿ ನಡೆದದ್ದು ಇದಕ್ಕೆ ಸ್ಪಷ್ಟ ನಿದರ್ಶನ. ಜಿಸಿಸಿ ಕಂಪೈಲರ್‌ನ 4.2.1 ಆವೃತ್ತಿ 2007ರಲ್ಲಿ ಬಂದಿತು. ಅದರ ನಂತರದ ಆವೃತ್ತಿಗಳಿಗೆ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಮೂರನೆಯ ರೂಪ ಅನ್ವಯವಾಯಿತು. ಆ ಪರವಾನಗಿಯನ್ನು ಒಪ್ಪದ ಫ್ರೀಬಿಎಸ್‌ಡಿ ಮತ್ತು ಅದರ ಸೋದರ ವ್ಯವಸ್ಥೆ ಓಪನ್‌ಬಿಎಸ್‌ಡಿ ತಮ್ಮ ಮೂಲ ವ್ಯವಸ್ಥೆಯಲ್ಲಿ 4.2.1ರಲ್ಲೇ ನಿಂತುಬಿಟ್ಟವು. ಸಿ ಭಾಷೆಯ ಹೊಸ ಮಾನಕ 2011ರಲ್ಲಿ ಬಂದಾಗ ಈ ಕಂಪೈಲರ್‌ಗೆ ಅದರ ಪರಿಚಯವೇ ಇರಲಿಲ್ಲ. ಕಟ್ಟನ್ನು ಬಿಡಿಸಿಕೊಳ್ಳಲು ಫ್ರೀಬಿಎಸ್‌ಡಿ ಕ್ಲಾಂಗ್ ಕಂಪೈಲರ್‌ನತ್ತ ಹೊರಳಿತು, 2014ರ 10.0 ಆವೃತ್ತಿಯಲ್ಲಿ ಸಾಮಾನ್ಯ ಪಿಸಿಗಳಿಗೆ ಅದೇ ಮುಖ್ಯ ಕಂಪೈಲರ್ ಆಯಿತು. ಉಳಿದ ಪ್ರೊಸೆಸರ್‌ಗಳ ಪೈಕಿ ಪವರ್‌ಪಿಸಿಯನ್ನು ಅದರ ಆಸಕ್ತರು ಸಮಯಕ್ಕೆ ಸರಿಯಾಗಿ ಕ್ಲಾಂಗ್‌ಗೆ ದಾಟಿಸಿದರು. ನಿಮ್ಮ ಅಲ್ಟ್ರಾಸ್ಪಾರ್ಕ್ ಸೇರುವ ಸ್ಪಾರ್ಕ್64ಕ್ಕೆ ಅಂಥ ಕೈಗಳು ಸಿಗಲಿಲ್ಲ. 2020ರಲ್ಲಿ ಹಳೆಯ ಜಿಸಿಸಿಯನ್ನು ಕಿತ್ತುಹಾಕಿದಾಗ ಅದರೊಡನೆ ಸ್ಪಾರ್ಕ್64 ಕೂಡ ಹೊರಬಿತ್ತು. ಕ್ಲಾಂಗ್‌ನ ಆಧಾರವಾದ ಎಲ್‌ಎಲ್‌ವಿಎಂನಲ್ಲಿ ಸ್ಪಾರ್ಕ್ ಬ್ಯಾಕೆಂಡ್ ಇದ್ದೇ ಇದೆ ಎಂಬುದನ್ನು ಗಮನಿಸಬೇಕು. ಬ್ಯಾಕೆಂಡ್ ಇರುವುದು ಬೇರೆ, ವ್ಯವಸ್ಥೆಯ ತಿರುಳಾದ ಕರ್ನಲ್, ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್, ಲೈಬ್ರರಿ ಎಲ್ಲವೂ ಅದರಿಂದ ಸರಿಯಾಗಿ ಹೊರಬರುತ್ತವೆಯೇ ಎಂದು ನಿಜವಾದ ಯಂತ್ರದ ಮೇಲೆ ಪರೀಕ್ಷಿಸುವುದು ಬೇರೆ, ಕೊರತೆಯಾದದ್ದು ಎರಡನೆಯದು.

ಓಪನ್‌ಬಿಎಸ್‌ಡಿ ಇನ್ನೊಂದು ದಾರಿ ಹಿಡಿಯಿತು. ಮುಖ್ಯ ಪ್ರೊಸೆಸರ್‌ಗಳನ್ನು ಕ್ಲಾಂಗ್‌ಗೆ ದಾಟಿಸಿದ ಮೇಲೂ ಆಲ್ಫಾ ಮುಂತಾದ ಹಳೆಯ ಪ್ರೊಸೆಸರ್‌ಗಳಿಗೆ ಜಿಸಿಸಿ 4.2.1ನ್ನು, ಮೊಟೊರೊಲಾ 88000 ಬಳಸುವ ಲೂನಾ ಯಂತ್ರಗಳಿಗೆ ಅದಕ್ಕೂ ಹಿಂದಿನ 3.3.6ನ್ನು ಇಟ್ಟುಕೊಂಡಿತು. ಇದು ಉದಾರತೆಯೆಂದು ನನಗೂ ಅನಿಸುತ್ತದೆ, ಆದರೆ ಮೂರು ಕಂಪೈಲರ್‌ಗಳಿಗೂ ಒಪ್ಪಿಗೆಯಾಗುವಂತೆ ಸಿ ಬರೆಯುವ ಹೊರೆ ಆ ಯಂತ್ರಗಳನ್ನು ಎಂದೂ ಕಾಣದವರ ಮೇಲೂ ಬೀಳುತ್ತದೆ. ನಿಮ್ಮ ವ್ಯವಸ್ಥೆಯವರು ಆ ಹೊರೆಯನ್ನು ಇಳಿಸಿದ್ದಾರೆ. ಅವರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ.

ಪ್ರಶ್ನೆ: ಕಂಪೈಲರ್ ಬದಲಾಯಿಸದೆ ಜಿಸಿಸಿಯ ಹೊಸ ಆವೃತ್ತಿಗಳನ್ನೇ ಬಳಸುತ್ತ ಹೋದರೆ ಹಳೆಯ ಪ್ರೊಸೆಸರ್‌ಗಳು ಸುರಕ್ಷಿತವಲ್ಲವೇ?

ಉತ್ತರ: ಅಲ್ಲ. ಕಂಪೈಲರ್‌ನ ಒಳರಚನೆಯೂ ಬದಲಾಗುತ್ತದೆ. ಎರಡು ಸಂಖ್ಯೆಗಳನ್ನು ಹೋಲಿಸಿದಾಗ ಸಿಗುವ ಫಲಿತಾಂಶದ ಗುರುತುಗಳನ್ನು ಪ್ರೊಸೆಸರ್ ತನ್ನೊಳಗೆ ಇರಿಸಿಕೊಳ್ಳುತ್ತದೆ. ಇವನ್ನು ಜಿಸಿಸಿ ಬಹುಕಾಲ ಸಿಸಿ0 ಎಂಬ ವಿಧಾನದಲ್ಲಿ ನಿರೂಪಿಸುತ್ತಿತ್ತು. ಗುರುತು ಮೂಡಿಸುವ ಆದೇಶ ಮತ್ತು ಅದನ್ನು ಓದುವ ಆದೇಶ ಒಂದರ ಬೆನ್ನಿಗೇ ಇನ್ನೊಂದು ಇರಬೇಕೆಂಬ ಕಟ್ಟುಪಾಡು ಅದರಲ್ಲಿತ್ತು. ಪ್ರಮುಖ ಬ್ಯಾಕೆಂಡ್‌ಗಳು ಇದನ್ನು ಎಂದೋ ಬಿಟ್ಟಿದ್ದರಿಂದ, ಸಿಸಿ0ವನ್ನೇ ತೆಗೆದುಹಾಕುವ ನಿರ್ಧಾರವಾಯಿತು. ಮೊಟೊರೊಲಾ 68000 ಬ್ಯಾಕೆಂಡನ್ನು ಹೊಸ ವಿಧಾನಕ್ಕೆ ಬರೆಯಲು ಅಭಿಮಾನಿಗಳು ಹಣ ಕೂಡಿಸಿ ಬಹುಮಾನ ಇಟ್ಟರು. 2019ರಲ್ಲಿ ಕೆಲಸ ಮುಗಿಯಿತು. ವ್ಯಾಕ್ಸ್ ಎಂಬ ಹಳೆಯ ಕಂಪ್ಯೂಟರ್ ಬಗೆಯ ಬ್ಯಾಕೆಂಡ್ ಮರುವರ್ಷ ಬಚಾವಾಯಿತು. ಯಾರೂ ಮುಂದೆ ಬಾರದ ಸಿಆರ್16 ಪ್ರೊಸೆಸರ್‌ನ ಬ್ಯಾಕೆಂಡ್ ಜಿಸಿಸಿಯಿಂದಲೇ ಹೊರಹೋಯಿತು. ಅಂಗಡಿಗಳಲ್ಲಿ ಎಂದೋ ಮರೆಯಾದ ವ್ಯಾಕ್ಸ್ ಉಳಿದದ್ದು ಬಳಕೆದಾರರ ಸಂಖ್ಯೆಯಿಂದಲ್ಲ, ಆ ಕೋಡ್ ಬಲ್ಲವರೊಬ್ಬರು ಕುಳಿತು ಬರೆದದ್ದರಿಂದ.

ಎಲ್ಲ ತಪ್ಪನ್ನೂ ಕಂಪೈಲರ್‌ನ ತಲೆಗೆ ಕಟ್ಟಲಾಗದು ಎಂಬುದನ್ನೂ ಹೇಳಬೇಕು. ಲಿನಕ್ಸ್ 2013ರ 3.8 ಆವೃತ್ತಿಯಲ್ಲಿ ಇಂಟೆಲ್ 386ನ್ನು ಕೈಬಿಟ್ಟದ್ದು, ಆ ಚಿಪ್‌ನಲ್ಲಿ ಕರ್ನಲ್‌ಗೆ ಬೇಕಾದ ಕೆಲವು ಸೌಕರ್ಯಗಳೇ ಇಲ್ಲದೆ ಸುತ್ತುಬಳಸಿನ ಕೋಡನ್ನು ವರ್ಷಗಟ್ಟಲೆ ಹೊತ್ತು ಬೇಸತ್ತಿದ್ದರಿಂದ.

ಪ್ರಶ್ನೆ: ಹಳೆಯ ಯಂತ್ರ ನಿಧಾನವೆಂದಾದರೆ ವೇಗದ ಹೊಸ ಯಂತ್ರದಲ್ಲಿ ಅದಕ್ಕಾಗಿ ಕಂಪೈಲ್ ಮಾಡಬಾರದೇ?

ಉತ್ತರ: ಮಾಡಬಹುದು, ಇದಕ್ಕೆ ಕ್ರಾಸ್ ಕಂಪೈಲ್ ಎನ್ನುತ್ತಾರೆ. ಇನ್ನೊಂದು ಸೋದರ ವ್ಯವಸ್ಥೆಯಾದ ನೆಟ್‌ಬಿಎಸ್‌ಡಿಯನ್ನು ಇಡಿಯಾಗಿ ಹೀಗೆ ಒಂದೇ ಸ್ಕ್ರಿಪ್ಟ್‌ನಿಂದ ಕಟ್ಟಬಹುದು, ಅದು ಇಂದಿಗೂ ವ್ಯಾಕ್ಸ್‌ನಂಥವನ್ನು ಉಳಿಸಿಕೊಂಡಿರಲು ಇದೂ ಒಂದು ಕಾರಣ. ಓಪನ್‌ಬಿಎಸ್‌ಡಿಯವರು ಆಯಾ ಯಂತ್ರದ ಮೇಲೆಯೇ ಕಟ್ಟಬೇಕೆನ್ನುತ್ತಾರೆ. ತನ್ನನ್ನು ತಾನೇ ಪೂರ್ತಿ ಕಟ್ಟಿಕೊಳ್ಳುವುದು ಯಂತ್ರಕ್ಕೆ ಒಡ್ಡಬಹುದಾದ ಅತಿ ಕಠಿಣ ಪರೀಕ್ಷೆ. ಆದರೆ ಕ್ಲಾಂಗ್‌ನಂಥ ದೊಡ್ಡ ಕಂಪೈಲರನ್ನು ಕೆಲವೇ ಹತ್ತು ಮೆಗಾಬೈಟ್ ಮೆಮೊರಿಯಲ್ಲಿ ಕಟ್ಟಲು ಸಾಧ್ಯವಿಲ್ಲ. ಬೇರೆಡೆ ಕಟ್ಟಿದ ಕೋಡ್ ದೋಷವಿಲ್ಲದೆ ಕಂಪೈಲ್ ಆದರೂ ಸರಿಯಾಗಿ ನಡೆಯುತ್ತದೆಂಬ ಭರವಸೆಯೂ ಇಲ್ಲ: ವ್ಯಾಕ್ಸ್‌ನ ಫ್ಲೋಟಿಂಗ್ ಪಾಯಿಂಟ್ (ಭಿನ್ನಾಂಶವಿರುವ ಸಂಖ್ಯೆಗಳ) ಗಣಿತದಲ್ಲಿ ಅನಂತಕ್ಕೆ ಸಂಕೇತವೇ ಇಲ್ಲ, ಅದು ಇದ್ದೇ ಇದೆಯೆಂದು ನಂಬಿ ಬರೆದ ಪ್ರೋಗ್ರಾಂಗಳು ಅಲ್ಲಿ ಮುಗ್ಗರಿಸುತ್ತವೆ.

ಪ್ರಶ್ನೆ: ರಸ್ಟ್ ಭಾಷೆಯ ಬಳಕೆ ಹೆಚ್ಚಿದರೆ?

ಉತ್ತರ: ರಸ್ಟ್‌ನ ಮುಖ್ಯ ಕಂಪೈಲರ್ ಎಲ್‌ಎಲ್‌ವಿಎಂ ಮೇಲೆ ನಿಂತಿರುವುದರಿಂದ, ಅಲ್ಲಿ ಬ್ಯಾಕೆಂಡ್ ಇಲ್ಲದ ಆಲ್ಫಾ, ಎಚ್‌ಪಿಪಿಎ ಮುಂತಾದವುಗಳಿಗೆ ಬಾಗಿಲು ಮುಚ್ಚುತ್ತದೆ. 2021ರಲ್ಲಿ ಪೈಥಾನ್‌ನ ಕ್ರಿಪ್ಟೋಗ್ರಫಿ ಲೈಬ್ರರಿ ರಸ್ಟ್ ಬೇಡಿದಾಗ ಈ ಯಂತ್ರಗಳ ಬಳಕೆದಾರರಿಗೆ ಅದರ ಬಿಸಿ ತಟ್ಟಿತು. ಆದರೆ ಮೊಟೊರೊಲಾ 68000ಕ್ಕೆ ಅದೇ ವರ್ಷ ಎಲ್‌ಎಲ್‌ವಿಎಂನಲ್ಲಿ ಪ್ರಾಯೋಗಿಕ ಬ್ಯಾಕೆಂಡ್ ಸೇರಿತು.