ತಿಂಡಿ ಹೋಟೆಲನ್ನ ಮಧ್ಯಾಹ್ನ ಮುಚ್ಚಿದ್ರೆ ಗಿರಾಕಿ ಕೈತಪ್ಪಿ ಹೋಗ್ತಾರಾ?

ಮೈಸೂರಿನ ಕುವೆಂಪುನಗರದಲ್ಲಿ ಆರು ಟೇಬಲ್ಲಿನ ದೋಸೆ ಹೋಟೆಲ್, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ತೆಗೆದಿಡಲೇಬೇಕಾ ಅಂತ ಕೇಳಿದ್ದೀರಿ. ಓದ್ತಿದ್ದ ಹಾಗೇ ನನ್ನ ಹಳೇ ಫ್ರಿಡ್ಜಿನ ಗೊರಗೊರ ಸದ್ದು ಕಿವಿಗೆ ಬಂತು.

ನಮ್ಮದು ಸರಸ್ವತಿಪುರಂನ ಒಂದು ಅಡ್ಡರಸ್ತೆ. ಬೆಳಿಗ್ಗೆ ಆರೂವರೆಗೆ ಬಾಗಿಲು, ಹತ್ತೂವರೆಗೆ ಬಂದ್. ಸಂಜೆ ನಾಲ್ಕೂವರೆಯಿಂದ ಏಳೂವರೆ, ಅದೂ ಬರೀ ಬೋಂಡ, ಕಾಫಿ. ಸೋಮವಾರ ರಜ. ಕುಕ್ಕರಹಳ್ಳಿ ಕೆರೆ ಸುತ್ತು ಹಾಕಿ ಬರೋರೇ ಮೊದಲ ಪಂಕ್ತಿ, ಬೂಟಿನ ಮಣ್ಣನ್ನ ಮೆಟ್ಟಿಲಿಗೆ ಉಜ್ಜಿ ಒಳಗೆ ಬರೋರು. ದೋಸೆ ಮುಗಿದ ಕೂಡಲೇ ಸ್ಲೇಟಿನ ಮೇಲೆ ‘ಹಿಟ್ಟು ಖಾಲಿ’ ಅಂತ ಬರೆದು ಗಲ್ಲಾ ಮೇಲೆ ನಿಲ್ಲಿಸ್ತಿದ್ದೆ. ಹತ್ತು ಇಪ್ಪತ್ತಕ್ಕೆ ಬಂದವರು ಅದನ್ನ ನೋಡಿ ಬೈದುಕೊಂಡು ಹೋಗೋರು, ಮಾರನೇ ದಿನ ಎಂಟಕ್ಕೇ ಹಾಜರ್. ಪಕ್ಕದ ಕಾಂಡಿಮೆಂಟ್ಸ್ ಯಜಮಾನರಂತೂ ಮಧ್ಯಾಹ್ನ ಅರ್ಧ ಶಟರ್ ಎಳೆದು ಅಕ್ಕಿಮೂಟೆಗೆ ಒರಗಿ ನಿದ್ದೆ ಹೊಡೆಯೋರು. ಬೇಕಾದವರು ಬಗ್ಗಿ ಒಳಗೆ ಹೋಗಿ ಹಾಲಿನ ಪ್ಯಾಕೆಟ್ ತಗೊಂಡು ದುಡ್ಡನ್ನ ಡಬ್ಬಿಗೆ ಹಾಕಿ ಬರಬೇಕು. ಇಪ್ಪತ್ತು ವರ್ಷ ಹಾಗೇ ನಡೀತು, ಅಂಗಡಿ ಏನೂ ಮುಳುಗಲಿಲ್ಲ.

ಆಗ ಬೆಂಗಳೂರಿಂದ ನನ್ನ ಭಾವಮೈದ ಬಂದ. ‘ಬಾಡಿಗೆ 24 ಗಂಟೆಗೆ ಕೊಡ್ತೀರಿ, ವ್ಯಾಪಾರ 7 ಗಂಟೆ ಮಾಡ್ತೀರಿ’ ಅಂದ. ಲೆಕ್ಕ ಸರಿಯಾಗೇ ಇತ್ತು, ಅದೇ ಬಂದ ಗ್ರಹಚಾರ. ಬೆಳಿಗ್ಗೆಯಿಂದ ರಾತ್ರಿ ಹತ್ತರವರೆಗೆ ‘ಎಲ್ಲಾ ಸಮಯದಲ್ಲೂ ದೋಸೆ’ ಅಂತ ಬೋರ್ಡ್ ಬರೆಸಿದೆ.

ಈಗ ನನ್ನ ತಪ್ಪಿಗೆ ಬರ್ತೀನಿ, ಸ್ವಲ್ಪ ಉದ್ದ ಆಗುತ್ತೆ. 8 ಕೆಜಿ ಅಕ್ಕಿ, 2 ಕೆಜಿ ಉದ್ದು, ಒಂದು ಹಿಡಿ ಮೆಂತ್ಯ, ಎರಡು ಹಿಡಿ ಅವಲಕ್ಕಿ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ರುಬ್ಬಿಟ್ರೆ ಬೆಳಿಗ್ಗೆ ಆರಕ್ಕೆ ಉಬ್ಬಿ ಸರಿಯಾಗಿರುತ್ತೆ. ಏಪ್ರಿಲ್‌ನಲ್ಲಿ ರಾತ್ರಿ ಎಂಟೂವರೆಗೆ ಮುಂಚೆ ರುಬ್ಬಿದಿರೋ, ಬೆಳಗಾಗೋದ್ರೊಳಗೆ ಪಾತ್ರೆ ಉಕ್ಕಿ ನೆಲದ ಮೇಲಿರುತ್ತೆ. ಹದವಾಗಿ ಹುದುಗಿದ ಹಿಟ್ಟಿಗೆ ಆಯಸ್ಸು ನಾಲ್ಕೈದು ಗಂಟೆ. ಆಮೇಲೂ ಅದು ಹುಳಿಯಾಗ್ತಾನೇ ಹೋಗುತ್ತೆ, ನಮ್ಮ ಬೋರ್ಡ್ ಓದಿ ನಿಲ್ಲೋದಿಲ್ಲ. ಹಾಗಾಗಿ ಅರ್ಧ ಹಿಟ್ಟನ್ನ ಫ್ರಿಡ್ಜಿಗೆ ಹಾಕಿದೆ. ತಣ್ಣಗಿನ ಹಿಟ್ಟು ಹುಯ್ದರೆ ಕಾವಲಿಯ ಕಾವು ಇಳಿಯುತ್ತೆ, ದೋಸೆ ಹರಡಲ್ಲ, ತೂತು ಬೀಳಲ್ಲ, ಅಂಟುತ್ತೆ. ಸರಿ ಅಂತ ಮಧ್ಯಾಹ್ನ ಹೊಸದಾಗಿ ರುಬ್ಬಿ, ಇನ್ನೂ ಏಳದ ಆ ಹಿಟ್ಟನ್ನ ಬೆಳಗಿನ ಹುಳಿ ಹಿಟ್ಟಿಗೆ ಬೆರೆಸಿದೆ. ಅದೂ ಕೈಕೊಟ್ಟಾಗ ಒಂದು ಚಿಟಿಕೆ ಸೋಡಾ. ಸೋಡಾ ಬಿದ್ರೆ ದೋಸೆ ಬೇಗ ಕೆಂಪಗಾಗುತ್ತೆ, ನೋಡೋಕೆ ಚಿನ್ನ. ತಿಂದಮೇಲೆ ನಾಲಿಗೆ ಹಿಂಭಾಗದಲ್ಲಿ ಸಾಬೂನಿನಂಥದ್ದೊಂದು ಉಳಿಯುತ್ತೆ. ನನಗದು ಗೊತ್ತಾಗ್ತಿತ್ತು. ರಾತ್ರಿ ಗಿರಾಕಿ ಹೊಸಬರು, ಅವರಿಗೇನು ತಿಳಿಯುತ್ತೆ ಅಂತ ಸುಮ್ಮನಿದ್ದೆ.

ಹಾಗೆ ಅಂದುಕೊಂಡದ್ದು ದೊಡ್ಡ ಪೆಟ್ಟು ಕೊಡ್ತು. ರಾತ್ರಿ ಉಳಿದ ಹಿಟ್ಟು ಬೆಳಗಿನ ಹಿಟ್ಟಿಗೆ ಸೇರೋಕೆ ಶುರುವಾಯ್ತು, ಬೆಳಗಿನ ದೋಸೆಯೂ ಕೆಟ್ಟಿತು. ರಿಟೈರಾದ ಮೇಷ್ಟ್ರೊಬ್ಬರು ದಿನಾ ಮೂಲೆ ಟೇಬಲ್ಲಿಗೆ ಬರೋರು. ಒಂದಿನ ಅವರೆದ್ದ ಮೇಲೆ ಎಲೆ ತೆಗೆದರೆ, ಅರ್ಧ ದೋಸೆಯನ್ನ ನಾಲ್ಕು ಮಡಿಕೆ ಮಾಡಿ ಎಲೆತುದಿಯ ಕೆಳಗೆ ಬಚ್ಚಿಟ್ಟಿದ್ದರು, ನನಗೆ ಕಾಣದಿರಲಿ ಅಂತ. ಕಾಫಿ ಚೆನ್ನಾಗಿತ್ತು ಅಂದು ಹೋದರು. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಬೈಯೋ ಗಿರಾಕಿ ವಾಪಸ್ ಬರ್ತಾನೆ, ಎಲೆ ಕೆಳಗೆ ಬಚ್ಚಿಡೋರು ಬರಲ್ಲ ಸ್ವಾಮಿ. ಐದು ತಿಂಗಳಲ್ಲಿ ಎರಡನೇ ಭಟ್ಟರ ಸಂಬಳ, ಗ್ಯಾಸ್, ಫ್ರಿಡ್ಜಿನ ಕಂತು ಎಲ್ಲ ಸೇರಿ ಒಂದು ಲಕ್ಷ ಎಂಬತ್ತು ಸಾವಿರ ಕೈ ಬಿಟ್ಟಿತು. ಭಾವಮೈದ ಈಗ ಹೂಡಿಕೆ ಬಗ್ಗೆ ಸಲಹೆ ಕೊಡ್ತಾನೆ, ಇರಲಿ.

ಅದಕ್ಕೇ ಎಷ್ಟು ಗಂಟೆ ತೆಗೆದಿಡಬೇಕು ಅಂತ ನೀವು ಕೇಳೋದೇ ನನಗೆ ಒಪ್ಪಿಗೆ ಇಲ್ಲ. ನಿಮ್ಮ ಹಿಟ್ಟು ಎಷ್ಟು ಹೊತ್ತು ಚೆನ್ನಾಗಿರುತ್ತೋ ಅಷ್ಟು ಹೊತ್ತು. ನಜರಬಾದಿನ ಮೈಲಾರಿ ದೋಸೆ ಹೋಟೆಲ್ 1938ರದ್ದು, ಅಲ್ಲಿ ಸಿಗೋ ತಿಂಡಿ ಬೆರಳಲ್ಲಿ ಎಣಿಸಬಹುದು, ಆದ್ರೂ ಜನ ನಿಂತು ಕಾಯ್ತಾರೆ. ನೀವು ಮೈಲಾರಿ ಅಲ್ಲ ಅಂತೀರಾ? ನಾನೂ ಅಲ್ಲ, ಆದ್ರೆ ಉದ್ದು ಇಬ್ಬರಿಗೂ ಅದೇ.

ಇಡೀ ದಿನ ಬಾಗಿಲು ತೆಗೆದಿರಲೇಬೇಕು ಅಂತ ಹಟವಿದ್ರೆ ದೋಸೆ ಬಿಡಿ. ಕೋಡುಬಳೆ, ನಿಪ್ಪಟ್ಟು, ಮದ್ದೂರು ವಡೆ ಇಡಿ. ಮದ್ದೂರು ವಡೆ ಹುಟ್ಟಿದ್ದೇ ರೈಲ್ವೆ ಸ್ಟೇಷನ್ನಿನಲ್ಲಿ, ಪ್ರಯಾಣಿಕರ ಬುತ್ತಿಯಲ್ಲಿ ಕೂರೋ ತಿಂಡಿ ಅದು, ಹೊತ್ತು ಮೀರಿದ್ರೂ ಬೇಜಾರು ಮಾಡ್ಕೊಳ್ಳಲ್ಲ. ಇನ್ನು ಎರಡು ಪಾಳಿ ಅಂದ್ರೆ ಎರಡು ಜೊತೆ ಕೈ ಬೇಕು. 1961ರ ಅಂಗಡಿ ಕಾಯ್ದೆ ಪ್ರಕಾರ ಕೆಲಸದವರಿಗೆ ವಾರಕ್ಕೊಂದು ರಜ ಕೊಡಲೇಬೇಕು, ಆ ಖರ್ಚನ್ನ ಈಗಲೇ ಬರೆದಿಟ್ಟುಕೊಳ್ಳಿ. ಪಾರ್ಸೆಲ್ ಬಗ್ಗೆ ಕೇಳಬೇಡಿ, ಡಬ್ಬಿಯೊಳಗೆ ಬೆವರಿದ ದೋಸೆಯನ್ನ ನಾನು ದೋಸೆ ಅನ್ನಲ್ಲ.

ನಾನು ಈಗ ಮತ್ತೆ ಹತ್ತೂವರೆಗೇ ಮುಚ್ತೀನಿ. ಫ್ರಿಡ್ಜ್ ಮಾರಿದೆ. ಮೇಷ್ಟ್ರು ಮಾತ್ರ ಇನ್ನೂ ಬಂದಿಲ್ಲ. ಹಾಂ, ನೀವು ಕೇಳಲಿಲ್ಲ, ಆದ್ರೂ ಹೇಳ್ತೀನಿ: ಉದ್ದು ನೆನೆಸಿದ ನೀರನ್ನ ಚೆಲ್ಲಬೇಡಿ, ರುಬ್ಬೋಕೆ ಅದನ್ನೇ ಹಾಕಿ.